ಆಶ್ರಯ ಕೋರಿ ಬಂದವರ ಅರ್ಜಿ



ಜೀವಭಯದಿಂದ ದೇಶ ಬಿಟ್ಟು ಬಂದವರನ್ನು ನಾವು ಕನ್ನಡದಲ್ಲಿ ನಿರಾಶ್ರಿತರು ಎನ್ನುತ್ತೇವೆ. ಆಶ್ರಯವಿಲ್ಲದವರು ಎಂದು ಅರ್ಥ. ಹೊಸೂರು, ತಾಳವಾಡಿ ಕಡೆಯವರಿಗೆ ತಮಿಳಿನ ‘ಅಗದಿ’ ಎಂಬ ಮಾತು ಗೊತ್ತು, ಗತಿಯಿಲ್ಲದವರು. ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ ‘ನಿರ್ವಾಸಿತ’, ಇದ್ದ ಮನೆಯಿಂದ ಹೊರಬಿದ್ದವರು. ಆದೋನಿ, ಮಡಕಶಿರಾದ ಹಿರಿಯರು ತೆಲುಗು ಪತ್ರಿಕೆಗಳಲ್ಲಿ ‘ಕಾಂದಿಶೀಕುಲು’ ಎಂಬ ಪದವನ್ನು ಓದಿರಬಹುದು. ಯಾವ ದಿಕ್ಕಿಗೆ ಹೋಗಲಿ ಎನ್ನುತ್ತ ಓಡುವವನು ಎಂಬುದು ಅದರ ಸಂಸ್ಕೃತ ಮೂಲದ ಅರ್ಥ. ಕಾಸರಗೋಡಿನಲ್ಲಿ, ವಯನಾಡಿನಲ್ಲಿ ನೀವು ಕೇಳುವ ಮಲಯಾಳದ ಮಾತು ‘ಅಭಯಾರ್ಥಿ’.

ಈ ಐದು ಮಾತುಗಳಲ್ಲಿ ನಾಲ್ಕು ಆ ಮನುಷ್ಯನಿಗೆ ಏನಾಯಿತು ಎಂಬುದನ್ನು ಹೇಳುತ್ತವೆ. ಅವನು ಏನನ್ನೋ ಕೇಳುತ್ತಿದ್ದಾನೆ ಎಂದು ಹೇಳುವುದು ಅಭಯಾರ್ಥಿ ಒಂದೇ. ಹಾಗೆ ಕೇಳುವವನು ನಮ್ಮ ದೇಶದಲ್ಲಿ ಯಾರ ಬಾಗಿಲಿಗೆ ಹೋಗಬೇಕು? ಕೇಳುವುದು ಅವನ ಹಕ್ಕೋ, ಕೊಡುವುದು ನಮ್ಮ ದಯೆಯೋ? ಇಂದಿನ ಮಾತು ಈ ವಿಷಯದ ಚರಿತ್ರೆಯನ್ನು ಕುರಿತದ್ದು.

ಮೊದಲು ನಮ್ಮ ಗಡಿಯಲ್ಲೇ ಇರುವ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಬಿಡೋಣ. ನೀಲಗಿರಿಯ ಗೂಡಲೂರು, ಕೋತಗಿರಿಯ ಚಹಾ ತೋಟಗಳಲ್ಲಿ, ಕಾಸರಗೋಡಿಗೆ ತಾಗಿದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಸಿಲೋನಿನಿಂದ ಬಂದ ತಮಿಳರಿದ್ದಾರೆ. ಅವರನ್ನೂ ಜನ ಅಗದಿಗಳೆಂದೇ ಕರೆಯುವುದುಂಟು. ಅದು ಸರಿಯಲ್ಲ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ತೋಟಗಳಿಗೆ ಕೂಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳು ಇವರು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಜನರನ್ನು ಭಾರತ ತನ್ನ ಪ್ರಜೆಗಳಾಗಿ ತೆಗೆದುಕೊಳ್ಳಬೇಕಾಗಿತ್ತು. ಆ ಒಪ್ಪಂದದಡಿ ಭಾರತದ ಪಾಸ್‌ಪೋರ್ಟ್ ಹಿಡಿದು ಬಂದವರು ಆಶ್ರಯ ಬೇಡಿ ಬಂದವರಲ್ಲ, ಮರಳಿ ಬಂದವರು. 1983ರ ಜುಲೈ ಗಲಭೆಯ ಬಳಿಕ ದೋಣಿ ಹತ್ತಿ ರಾಮೇಶ್ವರದ ಕಡಲತೀರಕ್ಕೆ ಬಂದು, ಮಂಡಪಂ ಶಿಬಿರದಲ್ಲಿ ಹೆಸರು ಬರೆಸಿದವರ ಕತೆಯೇ ಬೇರೆ. ನೋಡಲು ಒಂದೇ ಭಾಷೆ, ಒಂದೇ ದ್ವೀಪ, ಆದರೆ ಕೈಯಲ್ಲಿರುವ ಕಾಗದ ಬೇರೆ. ಈ ವಿಷಯದಲ್ಲಿ ಎಲ್ಲವೂ ಕಾಗದದ ಮೇಲೇ ನಿಂತಿದೆ.

ಜಗತ್ತಿನ ಮಟ್ಟದಲ್ಲಿ ಈ ಕಾಗದಕ್ಕೆ ಒಂದು ನಿಯಮ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. 1951ರ ಜುಲೈ 28ರಂದು ಜಿನೀವಾದಲ್ಲಿ ನಿರಾಶ್ರಿತರ ಒಡಂಬಡಿಕೆ ಆಯಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದಾದರೊಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರ ಕಾರಣಕ್ಕೆ ತನಗೆ ಹಿಂಸೆಯಾದೀತೆಂಬ ಆಧಾರವುಳ್ಳ ಭಯದಿಂದ ಸ್ವದೇಶದ ಹೊರಗಿರುವವನೇ ನಿರಾಶ್ರಿತ. ಬರಗಾಲ, ಹಸಿವು ಈ ಐದರಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಅಪಾಯವಿರುವ ಕಡೆಗೆ ಅಂಥವನನ್ನು ಹಿಂದಕ್ಕೆ ಅಟ್ಟಬಾರದು ಎಂಬ 33ನೇ ವಿಧಿಯೇ ಅದರ ಜೀವಾಳ. ಒಡಂಬಡಿಕೆ 1951ಕ್ಕೆ ಹಿಂದಿನ ಘಟನೆಗಳಿಗಷ್ಟೇ ಅನ್ವಯಿಸುತ್ತಿತ್ತು. ಆ ಗಡುವನ್ನು 1967ರಲ್ಲಿ ಇನ್ನೊಂದು ಒಪ್ಪಂದ ತೆಗೆದುಹಾಕಿತು.

ಭಾರತ ಈ ಎರಡಕ್ಕೂ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿಯೇ ಒಂದು ಕಾನೂನನ್ನೂ ಮಾಡಿಕೊಂಡಿಲ್ಲ. ಇಲ್ಲಿ ನಡೆದು ಬಂದದ್ದು 1946ರ ವಿದೇಶೀಯರ ಕಾಯಿದೆ. ಪ್ರವಾಸಕ್ಕೆ ಬಂದವನಿಗೂ, ಪ್ರಾಣ ಉಳಿಸಿಕೊಳ್ಳಲು ಬಂದವನಿಗೂ ಅದರಲ್ಲಿ ಒಂದೇ ಹೆಸರು, ವಿದೇಶೀಯ. 2025ರಲ್ಲಿ ಅದರ ಜಾಗಕ್ಕೆ ವಲಸೆ ಮತ್ತು ವಿದೇಶೀಯರ ಕಾಯಿದೆ ಬಂತು. ಅಲ್ಲೂ ಆಶ್ರಯ ಕೋರುವ ಅರ್ಜಿಗೆ ಸ್ಥಾನವಿಲ್ಲ. 2015ರ ಜನವರಿ 9ರವರೆಗೆ ಬಂದು ಹೆಸರು ಬರೆಸಿಕೊಂಡ ಶ್ರೀಲಂಕಾ ತಮಿಳರಿಗೆ ವಿನಾಯಿತಿ ಸಿಕ್ಕಿದೆ ನಿಜ, ಆದರೆ ಅದು ಸರ್ಕಾರದ ಒಂದು ಆದೇಶದಿಂದ.

ಹಾಗಾದರೆ ಭಾರತ ಆಶ್ರಯ ಕೊಟ್ಟೇ ಇಲ್ಲವೇ ಎಂದು ನೀವು ಕೇಳಬಹುದು. ಕೊಟ್ಟಿದೆ, ಧಾರಾಳವಾಗಿ ಕೊಟ್ಟಿದೆ. 1959ರ ಮಾರ್ಚ್ 17ರ ರಾತ್ರಿ ದಲಾಯಿ ಲಾಮಾ ಲಾಸಾ ನಗರ ಬಿಟ್ಟರು. ದಾರಿಯಿಂದಲೇ ದೆಹಲಿಗೆ ಆಶ್ರಯ ಕೋರಿ ಸಂದೇಶ ಹೋಯಿತು, ನೆಹರೂ ಒಪ್ಪಿದರು, ಮಾರ್ಚ್ 31ರಂದು ತವಾಂಗ್ ಕಡೆಯ ಗಡಿ ದಾಟಿದರು. ಅವರ ಹಿಂದೆ ಸುಮಾರು 80,000 ಟಿಬೆಟನ್ನರು ಬಂದರು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ, ಬಂಗಾಳದ ಬಕ್ಸಾದಲ್ಲಿ ಶಿಬಿರಗಳಾದವು. ಚಳಿನಾಡಿನ ಜನ ಆ ಸೆಕೆಯಲ್ಲಿ ಬೆಂದರು. ಅನೇಕರು ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು, ಆನೆಗಳನ್ನು ಎದುರಿಸಿ, ಅವರು ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರು, 1974ರಲ್ಲಿ ಕೊಳ್ಳೇಗಾಲದಾಚೆಯ ಒಡೆಯರಪಾಳ್ಯ. ತಾಳವಾಡಿಯವರಿಗೆ ಒಡೆಯರಪಾಳ್ಯದ ಹೆಸರು ಹೊಸದೇನಲ್ಲ.

ಇವರಿಗೆ ಸರ್ಕಾರ ಕೊಟ್ಟದ್ದು ನೋಂದಣಿ ಪತ್ರ. ಅವಧಿ ಮುಗಿದಂತೆ ಅದನ್ನು ನವೀಕರಿಸಿಕೊಳ್ಳಬೇಕು. ಭೂಮಿಯೂ ಅವರ ಸ್ವಂತದ್ದಲ್ಲ. ನನ್ನ ಅಭಿಪ್ರಾಯ ಹೇಳುವುದಾದರೆ, ಇಷ್ಟು ದೊಡ್ಡ ಮನಸ್ಸಿನ ಕೆಲಸಕ್ಕೆ ಒಂದು ಕಾನೂನಿನ ಆಸರೆ ಇದ್ದಿದ್ದರೆ, ಮುಂದೆ ಬಂದವರಿಗೂ ಅದು ದಾರಿಯಾಗುತ್ತಿತ್ತು.

ಮುಂದೆ ಬಂದವರು ಎಂದರೆ ಆಫ್ಘಾನಿಸ್ತಾನದವರು, ಮ್ಯಾನ್ಮಾರಿನವರು, ಸೊಮಾಲಿಯಾದವರು. ಇವರ ಪೈಕಿ ಬಹುಮಂದಿಯ ಅರ್ಜಿಯನ್ನು ಭಾರತ ಸರ್ಕಾರ ಪರಿಶೀಲಿಸುವುದಿಲ್ಲ. 1981ರಿಂದ ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಆ ಕೆಲಸ ಮಾಡುತ್ತದೆ. ಮೊದಲು ಹೆಸರು ನೋಂದಣಿ. ಆಗ ಸಿಗುವ ಕಾಗದ ‘ಈತನ ಅರ್ಜಿ ಪರಿಶೀಲನೆಯಲ್ಲಿದೆ’ ಎಂದಷ್ಟೇ ಹೇಳುತ್ತದೆ. ಈ ಹಂತದವನು ಆಶ್ರಯಾರ್ಥಿ, ಇನ್ನೂ ನಿರಾಶ್ರಿತ ಎನಿಸಿಕೊಂಡವನಲ್ಲ. ಆಮೇಲೆ ಸಂದರ್ಶನ. ಯಾಕೆ ಬಿಟ್ಟು ಬಂದೆ, ಯಾರು ಬೆದರಿಸಿದರು, ಹಿಂದಕ್ಕೆ ಹೋದರೆ ಏನಾದೀತು ಎಂದು ವಿವರವಾಗಿ ಕೇಳುತ್ತಾರೆ. ದುಭಾಷಿ ಇರುತ್ತಾರೆ. ಹೆಂಗಸರು ಹೆಂಗಸರ ಮುಂದೆಯೇ ಹೇಳಿಕೊಳ್ಳುತ್ತೇನೆಂದು ಕೋರಬಹುದು. ಹೇಳಿದ್ದು ಅವರ ದೇಶದ ಸರ್ಕಾರದ ಕಿವಿಗೆ ಬೀಳಬಾರದು. ಒಪ್ಪಿದರೆ ನಿರಾಶ್ರಿತರ ಕಾರ್ಡು, ಒಪ್ಪದಿದ್ದರೆ ನಿಗದಿತ ಅವಧಿಯೊಳಗೆ ಮೇಲ್ಮನವಿ. ಯಾವ ಹಂತದಲ್ಲೂ ಶುಲ್ಕವಿಲ್ಲ. ದುಡ್ಡು ಕೇಳುವವನು ದಲ್ಲಾಳಿಯೇ ಸರಿ.

ಸಂದರ್ಶನದ ಕಷ್ಟ ಏನೆಂದು ಗಡಿಯವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ನಿಮ್ಮ ಮಾತು ಒಂದು ಭಾಷೆಯದು, ಎದುರಿಗಿನ ಕಡತ ಇನ್ನೊಂದು ಭಾಷೆಯದು. ನಡುವೆ ಏನೇನು ಸೋರಿಹೋಗುತ್ತದೆಂದು ನೀವು ಬಲ್ಲಿರಿ. ಇಲ್ಲಿ ಸೋರುವುದು ಪಹಣಿಯ ಒಂದು ಹೆಸರು. ಅಲ್ಲಿ ಸೋರುವುದು ಒಬ್ಬನ ಜೀವದ ಸಾಕ್ಷ್ಯ.

ಆ ಕಾರ್ಡಿಗೆ ನಮ್ಮ ಕಾನೂನಿನಲ್ಲಿ ನೇರ ಬಲವಿಲ್ಲ. ಬಲವಿರುವುದು ಸಂವಿಧಾನಕ್ಕೆ. ಅದರ 14 ಮತ್ತು 21ನೇ ವಿಧಿಗಳು ‘ಪ್ರಜೆ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತವೆ. ಈ ಒಂದು ಪದದ ಬೆಲೆ ತಿಳಿಯಲು ಚಕ್ಮಾ ಜನರ ಮೊಕದ್ದಮೆಯನ್ನು ನೋಡಬೇಕು. ಪೂರ್ವ ಪಾಕಿಸ್ತಾನದ ಕಪ್ತಾಯಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರು ಅವರಲ್ಲಿ ಬಹಳ ಮಂದಿ. 1964ರಿಂದ ಭಾರತಕ್ಕೆ ಬಂದರು, ಇಂದಿನ ಅರುಣಾಚಲದಲ್ಲಿ ನೆಲೆಸಿದರು. ಪೌರತ್ವಕ್ಕೆ ಅರ್ಜಿ ಹಾಕಿದರೆ ಡೆಪ್ಯುಟಿ ಕಮಿಷನರ್ ಅದನ್ನು ಕೇಂದ್ರಕ್ಕೆ ಕಳಿಸಬೇಕಿತ್ತು. ಕಳಿಸಲಿಲ್ಲ. ಇತ್ತ 1994ರಲ್ಲಿ, ರಾಜ್ಯ ಬಿಟ್ಟು ತೊಲಗಿ ಎಂಬ ಬೆದರಿಕೆ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜನವರಿ 9ರಂದು ತೀರ್ಪು ಬಂತು: ಪ್ರಜೆಯಾಗಿರಲಿ ಇಲ್ಲದಿರಲಿ, ಪ್ರತಿಯೊಬ್ಬನ ಪ್ರಾಣ ಕಾಯುವುದು ರಾಜ್ಯದ ಹೊಣೆ, ಅರ್ಜಿಗಳನ್ನು ದಾಖಲು ಮಾಡಿ ಮುಂದಕ್ಕೆ ಕಳಿಸಬೇಕು, ತೀರ್ಮಾನವಾಗುವ ತನಕ ಯಾರನ್ನೂ ಎಬ್ಬಿಸಬಾರದು. ಮೇಜಿನ ಮೇಲೆ ಕೊಳೆಯುತ್ತಿದ್ದ ಅರ್ಜಿಯೂ ಒಂದು ಕುಟುಂಬದ ನೆಲೆಯನ್ನು ಕಾಯಬಲ್ಲದು ಎಂಬುದು ಅಂದು ನಿಂತ ಮಾತು.

ಆದರೆ ಅದೇ ನ್ಯಾಯಾಲಯ 2021ರ ಏಪ್ರಿಲ್‌ನಲ್ಲಿ ರೋಹಿಂಗ್ಯಾ ಜನರ ಅರ್ಜಿಯಲ್ಲಿ ಬೇರೆ ಗೆರೆ ಎಳೆಯಿತು. 14 ಮತ್ತು 21 ಎಲ್ಲರಿಗೂ ಸೇರಿದ್ದು, ಆದರೆ ಗಡೀಪಾರಾಗದೆ ಇಲ್ಲೇ ಉಳಿಯುವ ಹಕ್ಕು ಪ್ರಜೆಗಳದ್ದು ಮಾತ್ರ; ಕಾನೂನಿನ ಕ್ರಮ ಪಾಲಿಸಿ ಕಳಿಸಬಹುದು ಎಂದಿತು. ಕ್ರಮ ಎಂಬ ಮಾತಾದರೂ ಉಳಿಯಿತು. ಬಂಧಿಸಿದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂಬ 22ನೇ ವಿಧಿ, ಶತ್ರುದೇಶದವರನ್ನು ಬಿಟ್ಟು, ವಿದೇಶೀಯರಿಗೂ ಇದೆ. ಬಂಧನದಲ್ಲಿರುವವನು ಉಚಿತ ವಕೀಲರನ್ನು ಕೇಳಬಹುದು.

ಇನ್ನು ಮಕ್ಕಳ ಮಾತು. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂದು ಪೌರತ್ವ ಕಾಯಿದೆ ಹೇಳುತ್ತದೆ. ಟಿಬೆಟನ್ ಮಕ್ಕಳಿಗೂ ಇದು ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು. ಆ ದಿನದ ನಂತರ ಹುಟ್ಟಿದವರಿಗೆ ತಾಯಿತಂದೆಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಹೀಗಾಗಿ ಒಡೆಯರಪಾಳ್ಯದ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಮತ ಹಾಕಬಹುದು. 1988ರಲ್ಲಿ ಹುಟ್ಟಿದ ತಮ್ಮ, ಅದೇ ಶಾಲೆಯಲ್ಲಿ ಓದಿ ಅದೇ ಕನ್ನಡ ಆಡಿದರೂ, ನೋಂದಣಿ ಪತ್ರ ಹಿಡಿದು ವಿದೇಶೀಯರ ನೋಂದಣಿ ಅಧಿಕಾರಿಯ ಕಚೇರಿಗೆ ಹೋಗುತ್ತಿರಬೇಕು.