ಒಬ್ಬ ತಂದೆ, ಒಬ್ಬ ಸೇನಾನಿ

ಪ್ರತಿ ವರ್ಷ ಜನವರಿ 15ನ್ನು ಸೇನಾ ದಿನವೆಂದು ಆಚರಿಸುತ್ತೇವೆ. 1949ರ ಅದೇ ದಿನ ಜನರಲ್ ಕೆ.ಎಂ. ಕಾರಿಯಪ್ಪ ಬ್ರಿಟಿಷ್ ಅಧಿಕಾರಿ ಜನರಲ್ ರಾಯ್ ಬೂಚರ್ ಅವರಿಂದ ಭಾರತೀಯ ಸೇನೆಯ ಹೊಣೆ ವಹಿಸಿಕೊಂಡರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ನಮ್ಮ ಕೊಡಗಿನವರು. ಭಾಷಣಗಳಲ್ಲಿ ಈ ಮಾತು ತಪ್ಪದೆ ಬರುತ್ತದೆ. ಆದರೆ ಸಮವಸ್ತ್ರದೊಳಗಿದ್ದ ಮನುಷ್ಯನನ್ನು, ಇಬ್ಬರು ಮಕ್ಕಳ ತಂದೆಯನ್ನು ನಾವು ಎಷ್ಟು ನೆನೆಯುತ್ತೇವೆ?

ಶನಿವಾರಸಂತೆಯಲ್ಲಿ ಹುಟ್ಟಿ, ಮಡಿಕೇರಿಯಲ್ಲಿ ಶಾಲೆ ಕಲಿತ ಈ ಹುಡುಗನನ್ನು ಮನೆಯವರು 'ಚಿಮ್ಮ' ಎಂದು ಕರೆಯುತ್ತಿದ್ದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷರು ಬೆರಳೆಣಿಕೆಯ ಭಾರತೀಯರನ್ನು ಅಧಿಕಾರಿಗಳನ್ನಾಗಿ ತೆಗೆದುಕೊಳ್ಳಲು ಒಪ್ಪಿದಾಗ, ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿ ಅವರಿದ್ದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅಧಿಕಾರಿ, 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ವಹಿಸಿದ ಮೊದಲ ಭಾರತೀಯ ಎಂಬ ಹಿರಿಮೆಗಳೂ ಅವರದೇ.

ಮನೆಯೊಳಗಿನ ಬದುಕು ಮಾತ್ರ ಅಷ್ಟು ಸುಗಮವಾಗಿರಲಿಲ್ಲ. 1937ರಲ್ಲಿ ಮದುವೆಯಾಯಿತು, ಒಂದು ಗಂಡು, ಒಂದು ಹೆಣ್ಣು ಮಗು ಹುಟ್ಟಿದವು. 1945ರಲ್ಲಿ ಗಂಡ ಹೆಂಡತಿ ಬೇರೆಯಾದರು. ಮೂರು ವರ್ಷಗಳಲ್ಲಿ ಪತ್ನಿ ಅಪಘಾತದಲ್ಲಿ ತೀರಿಕೊಂಡರು. ದೇಶ ಆಗಷ್ಟೇ ಇಬ್ಭಾಗವಾಗಿತ್ತು, ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಪಶ್ಚಿಮ ಗಡಿಯ ಹೊಣೆ ಹೊತ್ತಿದ್ದ ಸೇನಾನಿಯೇ ತಾಯಿಯಿಲ್ಲದ ಎರಡು ಮಕ್ಕಳಿಗೆ ಆಸರೆಯಾಗಬೇಕಾಯಿತು. ಶಿಸ್ತಿನ ಮನುಷ್ಯ, ತನಗೂ ಮಕ್ಕಳಿಗೂ ಒಂದೇ ಅಳತೆಗೋಲು. ಆದರೆ ಆ ಶಿಸ್ತಿನ ಹಿಂದೆ ಅಪಾರ ಮಮತೆಯಿತ್ತು. ಮುಂದೆ ತಂದೆಯ ಜೀವನಚರಿತ್ರೆಯನ್ನು ಬರೆದವರು ಆ ಮಗನೇ, ಏರ್ ಮಾರ್ಷಲ್ ಕೆ.ಸಿ. ನಂದಾ ಕಾರಿಯಪ್ಪ.

ದೇಶದ ಜೊತೆ ಸೇನೆಯನ್ನೂ ಒಡೆಯುವುದು ಕಾರಿಯಪ್ಪನವರಿಗೆ ಇಷ್ಟವಿರಲಿಲ್ಲ. ಒಂದೇ ಮೆಸ್ಸಿನಲ್ಲಿ ಉಂಡವರು, ಒಂದೇ ಕಂದಕದಲ್ಲಿ ಮಲಗಿದವರು ನಾಳೆ ಎದುರುಬದುರು ಬಂದೂಕು ಹಿಡಿಯಬೇಕಾದೀತು ಎಂಬುದನ್ನು ಸೈನಿಕನಿಗಿಂತ ಚೆನ್ನಾಗಿ ಯಾರು ಬಲ್ಲರು? ಆದದ್ದೂ ಹಾಗೆಯೇ. 1946ರಲ್ಲಿ ವಾಯವ್ಯ ಗಡಿಯ ಬನ್ನು ಬ್ರಿಗೇಡಿನಲ್ಲಿ ಅವರ ಕೈಕೆಳಗೆ ಅಯ್ಯೂಬ್ ಖಾನ್ ಎಂಬ ಅಧಿಕಾರಿ ಇದ್ದರು. 1965ರ ಯುದ್ಧದ ವೇಳೆಗೆ ಅದೇ ಅಯ್ಯೂಬ್ ಪಾಕಿಸ್ತಾನದ ಅಧ್ಯಕ್ಷರು; ಕಾರಿಯಪ್ಪ ನಿವೃತ್ತರಾಗಿ ಮಡಿಕೇರಿಯ 'ರೋಶನಾರಾ' ಮನೆಯಲ್ಲಿದ್ದರು.

ಆ ವರ್ಷದ ಸೆಪ್ಟೆಂಬರ್ 22. ಕದನವಿರಾಮಕ್ಕೆ ಕೆಲವೇ ಗಂಟೆಗಳಿದ್ದವು. ನಂದಾ ಹಾರಿಸುತ್ತಿದ್ದ ಹಂಟರ್ ವಿಮಾನ ಗುಂಡೇಟಿಗೆ ಸಿಕ್ಕಿ ಉರುಳಿತು. ಬೆನ್ನುಹುರಿಗೆ ಪೆಟ್ಟಾಗಿ ಅವರು ಸೆರೆಯಾಳಾದರು. ಸುದ್ದಿ ಅಯ್ಯೂಬ್ ಖಾನರಿಗೆ ಮುಟ್ಟಿತು. ಹಳೆಯ ಮೇಲಧಿಕಾರಿಯ ಮಗ! ಬೇಕಾದರೆ ಬಿಡುಗಡೆ ಮಾಡುತ್ತೇವೆ ಎಂಬ ಸಂದೇಶ ಮಡಿಕೇರಿಗೆ ಬಂತು.

ತಂದೆಯ ಉತ್ತರ ಪ್ರಸಿದ್ಧ. ಅದರ ಪದಗಳು ಹೇಳುವವರಿಂದ ಹೇಳುವವರಿಗೆ ಬದಲಾದರೂ ತಿರುಳು ಒಂದೇ: ಅವನಿಗೆ ವಿಶೇಷ ರಿಯಾಯಿತಿ ಬೇಡ, ನಿಮ್ಮಲ್ಲಿ ಸೆರೆಯಲ್ಲಿರುವ ಸೈನಿಕರೆಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ. ಉಳಿದ ಕೈದಿಗಳ ಜೊತೆಯಲ್ಲೇ 1966ರ ಜನವರಿಯಲ್ಲಿ ನಂದಾ ಮರಳಿದರು.

ಈ ಪ್ರಸಂಗವನ್ನು ಇಂದು ಎದೆ ತಟ್ಟಿಕೊಂಡು ಹೇಳುವವರು ಅದರ ಇನ್ನೊಂದು ತುದಿಯನ್ನು ಬಿಟ್ಟುಬಿಡುತ್ತಾರೆ. ಅಯ್ಯೂಬ್ ಖಾನರ ಪತ್ನಿ ಮತ್ತು ಹಿರಿಯ ಮಗ, ಗಾಯಗೊಂಡ ಈ ಭಾರತೀಯ ಪೈಲಟನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದರು. ಸಿಗರೇಟು, ಓದಲು ಒಂದು ಕಾದಂಬರಿ ಕೊಟ್ಟು ಬಂದರು. ಬಾಂಬುಗಳ ನಡುವೆಯೂ ಎರಡೂ ಮನೆಗಳಲ್ಲಿ ಮನುಷ್ಯತ್ವ ಸತ್ತಿರಲಿಲ್ಲ. ಒಂದು ಕಡೆಯ ಘನತೆಯನ್ನು ಮಾತ್ರ ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಇತಿಹಾಸವಾಗದು, ಬರೀ ಜಂಬವಾದೀತು.

ಕಾರಿಯಪ್ಪನವರ ಎಲ್ಲ ಮಾತುಗಳನ್ನೂ ನಾವು ಒಪ್ಪಬೇಕಾಗಿಲ್ಲ. ನಿವೃತ್ತಿಯ ನಂತರ ಅವರು ರಾಜಕೀಯ ಪಕ್ಷಗಳ ಆಡಳಿತವನ್ನು ಬದಿಗಿಟ್ಟು ರಾಷ್ಟ್ರಪತಿ ಆಳ್ವಿಕೆ ತರಬೇಕೆಂದದ್ದು ಪ್ರಜಾಪ್ರಭುತ್ವವನ್ನು ನಂಬಿದವರಿಗೆ ಹಿಡಿಸದ ಮಾತು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿದಾಗ ಮತದಾರರು ಅವರನ್ನು ಗೆಲ್ಲಿಸಲಿಲ್ಲ. ಸೇನಾನಿಯನ್ನು ಗೌರವಿಸಿದ ಜನ, ಆಳುವ ಅಧಿಕಾರವನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಅದೂ ಈ ದೇಶದ ದೊಡ್ಡತನವೇ.

ಆದರೆ ನಿವೃತ್ತ ಸೈನಿಕರನ್ನು ಅವರು ಮರೆಯಲಿಲ್ಲ. 1964ರಲ್ಲಿ ಮಾಜಿ ಸೈನಿಕರಿಗಾಗಿ ಒಂದು ಸಂಘಟನೆಯನ್ನೇ ಕಟ್ಟಿದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ಸಂದಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ತನ್ನ ಮಗನಿಗೆ ಸಿಗುವ ಸೌಲಭ್ಯ ಪಕ್ಕದ ಮನೆಯ ಮಗನಿಗೂ ಸಿಗಲಿ ಎನ್ನುವವರು ಇಂದು ಎಷ್ಟು ಮಂದಿ? ಒಂದು ಶಿಫಾರಸು ಪತ್ರಕ್ಕಾಗಿ ಬಾಗಿಲು ಬಾಗಿಲು ಅಲೆಯುವ ಕಾಲವಿದು. ಆ ತಂದೆಗೆ ಬಾಗಿಲು ತಾನಾಗಿಯೇ ತೆರೆದಿತ್ತು. ಎಲ್ಲರಿಗೂ ತೆರೆಯದ ಬಾಗಿಲು ತನ್ನ ಮಗನಿಗೂ ಬೇಡವೆಂದರು. ಮಗನ ಮೇಲಿನ ಪ್ರೀತಿ ಕಡಿಮೆಯಾಗಿ ಹಾಗೆಂದದ್ದಲ್ಲ. ಆ ಪ್ರೀತಿಯೇ ಪರರ ಮಕ್ಕಳನ್ನೂ ಒಳಗೊಳ್ಳುವಷ್ಟು ದೊಡ್ಡದಾಗಿತ್ತು. ಸೇನಾ ದಿನದಂದು ನಾವು ನೆನೆಯಬೇಕಾದ್ದು ಇದನ್ನೇ.