ಪದ ಪರಿಚಯ: ಮುಂಗಾರು

‘ಮುನ್’ ಎಂದರೆ ಮೊದಲು, ‘ಕಾರ್’ ಎಂದರೆ ಕಪ್ಪು, ಕರಿಮೋಡ, ಮಳೆಗಾಲ. ಎರಡೂ ಕೂಡಿದಾಗ ಕಕಾರ ಗಕಾರವಾಗಿ ‘ಮುಂಗಾರು’ ಆಯಿತು, ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ ಆದಂತೆಯೇ. ವರ್ಷದ ಮೊದಲ ಮಳೆಗಾಲ ಅದು. ಅಕ್ಟೋಬರ್‌ನಿಂದ ಶುರುವಾಗುವುದು ಹಿಂಗಾರು. ಕಾರ್ಮುಗಿಲು, ಕಾರ್ಗತ್ತಲೆ, ಕಾರಿರುಳುಗಳಲ್ಲಿ ಈ ‘ಕಾರ್’ ಇನ್ನೂ ಗಟ್ಟಿಯಾಗಿ ಉಳಿದಿದೆ. ಮೋಡದ ಬಣ್ಣವೇ ಋತುವಿನ ಹೆಸರಾದದ್ದು ನನಗೆ ಬಹಳ ಇಷ್ಟ.

ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಈ ಬಣ್ಣವನ್ನು ಯಾರೂ ವಿವರಿಸಬೇಕಿಲ್ಲ. ಪಡುವಣ ಕಡಲಿನಿಂದ ಬರುವ ತೇವದ ಗಾಳಿ ಊರಿನ ಪೂರ್ವಕ್ಕಿರುವ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ದಿನಗಟ್ಟಲೆ ಸುರಿಯುತ್ತದೆ. ಮನೆಯ ತುಳುವಿನಲ್ಲಿ ಮಳೆ ‘ಬರ್ಸ’. ಅದು ಕಾಲೂರುವ ತಿಂಗಳು ‘ಕಾರ್ತೆಲ್’, ಅದರ ಬೆನ್ನಿಗೇ ‘ಆಟಿ’. ಹವಾಮಾನ ವರದಿಯ ಪದ ಮಾತ್ರ ಮುಂಗಾರು. ಕೇರಳಕ್ಕೆ ಸಾಮಾನ್ಯವಾಗಿ ಜೂನ್ 1ಕ್ಕೆ ತಲುಪುವ ಅದು ಕೆಲವೇ ದಿನಗಳಲ್ಲಿ ಇಲ್ಲಿರುತ್ತದೆ.

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗುಮಳೆಯನ್ನು ಪತ್ರಿಕೆಗಳು ‘ಮುಂಗಾರು ಪೂರ್ವ ಮಳೆ’ ಎನ್ನುತ್ತವೆ. ಬಯಲುಸೀಮೆಯ ರೈತರಿಗೆ ಅಶ್ವಿನಿ, ಭರಣಿ ನಕ್ಷತ್ರಗಳ ಆ ಮಳೆಯೂ ಮುಂಗಾರೇ. ಬಿತ್ತನೆಯ ಲೆಕ್ಕದಲ್ಲಿ ಅವರ ಮಾತು ಸರಿ.

ಚಂಡಮಾರುತ ಮಾತ್ರ ಬೇರೆ. 2021ರ ಮೇ ನಡುವಿನಲ್ಲಿ ಉಡುಪಿ ಕರಾವಳಿಯನ್ನು ನಡುಗಿಸಿದ ‘ತೌಕ್ತೆ’, ಅರಬ್ಬೀ ಸಮುದ್ರದ ವಾಯುಭಾರ ಕುಸಿತ ಬಲಿತು ಸುಳಿಯಾಗಿ ತಿರುಗಿದ್ದು. ಆ ಹೆಸರು ಕೊಟ್ಟದ್ದು ಮ್ಯಾನ್ಮಾರ್. ಅರ್ಥ, ಒಂದು ಬಗೆಯ ಹಲ್ಲಿ. ಅದರ ಮಳೆಯನ್ನು ಮುಂಗಾರಿನ ಆರಂಭವೆಂದು ಬರೆಯುವುದು ತಪ್ಪು. ದೋಣಿ ಇಳಿಸುವವರಿಗೂ ಭತ್ತದ ನೇಜಿ ನೆಡುವವರಿಗೂ ಈ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯಲೇಬೇಕು.