ಕಿರುತೆರೆಯ ಪುರಾಣ ಮತ್ತು ಹೊನ್ನಾವರ ಸೀಮೆಯ ಅರ್ಥಗಾರಿಕೆ

ಪುರಾಣಕಥೆಗಳನ್ನು ಕಾಲಕ್ಕೆ ತಕ್ಕಂತೆ ಹೊಸ ಮಾಧ್ಯಮಕ್ಕೆ ಅಳವಡಿಸುವ ಪ್ರವೃತ್ತಿ ದೂರದರ್ಶನದಿಂದ ಆರಂಭವಾದುದಲ್ಲ. ಭಟ್ಕಳದಲ್ಲಿರುವ 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯದ ಗೋಡೆಗಳಲ್ಲಿ ರಾಮಾಯಣದ ಪ್ರಸಂಗಗಳು ಶಿಲ್ಪಪಟ್ಟಿಕೆಗಳಾಗಿ ಮೂಡಿವೆ. ಅಕ್ಷರ ಬಾರದವರಿಗೂ ಅಲ್ಲಿ ಕಥೆ ಕಣ್ಣಿಗೆ ಕಾಣುವಂತಿತ್ತು. ಹೊನ್ನಾವರ, ಕುಮಟಾ ಸೀಮೆಯಲ್ಲಿ ಅದೇ ಕಥೆ ಯಕ್ಷಗಾನದ ಮೂಲಕ ಮಾತು ಕಲಿಯಿತು. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಯಲ್ಲಿ ತೋರಿದ ಆಟದ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾಸ್ವಯಂವರ’ವನ್ನು ರಂಗಕ್ಕೆ ತಂದರೆಂಬುದು ಮರಾಠಿ ರಂಗಭೂಮಿಯ ಇತಿಹಾಸದಲ್ಲಿ ಪ್ರಸಿದ್ಧವಾದ ಸಂಗತಿ. ಆ ಮೇಳವು ಹೊನ್ನಾವರ ತಾಲ್ಲೂಕಿನ ಕರ್ಕಿಯದೆಂಬ ಪ್ರತೀತಿಯೂ ಇದೆ.

ಯಕ್ಷಗಾನದಲ್ಲಿ ಕವಿ ಬರೆದಿಡುವುದು ಪದ್ಯಗಳನ್ನು ಮಾತ್ರ. ಭಾಗವತರು ಹಾಡಿದ ಪದ್ಯಕ್ಕೆ ವೇಷಧಾರಿಯು ಆ ಕ್ಷಣದಲ್ಲಿ ತನ್ನದೇ ಮಾತಿನಿಂದ ಅರ್ಥ ಹೇಳುತ್ತಾನೆ. ಇಂದಿನ ಕರ್ಣ ನಾಳಿನ ಕರ್ಣನಲ್ಲ. ಎದುರಿನ ಕೃಷ್ಣನ ಪ್ರಶ್ನೆ ಬದಲಾದರೆ ಕರ್ಣನ ಉತ್ತರವೂ ಬದಲಾಗಬೇಕು. ಪುರಾಣದ ಮರುಸೃಷ್ಟಿ ಇಲ್ಲಿ ಪ್ರತಿ ರಾತ್ರಿಯ ಕಾಯಕ.

ರಮಾನಂದ ಸಾಗರ್ ಅವರ ‘ರಾಮಾಯಣ’ (1987-88) ಮತ್ತು ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ (1988-90) ಹಿಂದಿಯಲ್ಲಿದ್ದರೂ ಭಾನುವಾರದ ಬೆಳಗನ್ನು ದೇಶದ ಉದ್ದಗಲಕ್ಕೂ ಆಕ್ರಮಿಸಿಕೊಂಡವು. ಅಲ್ಲಿಯ ರಾಮನಿಗೆ ಒಂದೇ ಮುಖ, ಒಂದೇ ಮಾತು. ಪ್ರೇಕ್ಷಕರ ಸಂಖ್ಯೆ ಎಷ್ಟೇ ಹೆಚ್ಚಿದರೂ ಅವರ ಪ್ರತಿಕ್ರಿಯೆಗೆ ಆ ರಾಮ ಓಗೊಡಲಾರ.

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ಇತಿಹಾಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರ ಪುತ್ರ ಶಂಭು ಹೆಗಡೆಯವರು (1938-2009) ಇರುಳಿಡೀ ನಡೆಯುವ ಆಟವನ್ನು ಎರಡು-ಮೂರು ಗಂಟೆಗಳ ಕಾಲಮಿತಿ ಪ್ರಯೋಗವಾಗಿ ರೂಪಿಸಿದರು. ಇದನ್ನು ಕಿರುತೆರೆಯ ಪ್ರಭಾವವೆಂದಷ್ಟೇ ವಿವರಿಸುವುದು ಸರಳೀಕರಣವಾದೀತು. ನಗರದ ರಂಗಮಂದಿರ, ಮರುದಿನದ ಕಚೇರಿ, ನಿದ್ದೆಗೆಡಲೊಪ್ಪದ ಹೊಸ ಪ್ರೇಕ್ಷಕ, ಇವೂ ಕಾರಣಗಳೇ. ಮೋಟಕುಗೊಂಡದ್ದು ಅವಧಿ, ಅರ್ಥಗಾರಿಕೆಯ ಸ್ವಾತಂತ್ರ್ಯವಂತೂ ರದ್ದಾಗಲಿಲ್ಲ. ಇದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933-2017) ಭಸ್ಮಾಸುರ, ಕೀಚಕರು ಮಾತಿಗಿಂತ ಕುಣಿತ, ಅಭಿನಯಗಳಿಂದ ಜನರನ್ನು ಸೆಳೆದರು. ಆ ವೇಷಗಳೂ ಒಂದು ರಾತ್ರಿಯಂತೆ ಇನ್ನೊಂದು ರಾತ್ರಿ ಇರಲಿಲ್ಲ.

2020ರಲ್ಲಿ ಹಿಂದಿ ‘ಮಹಾಭಾರತ’ ಧಾರಾವಾಹಿಯೊಂದು ಡಬ್ ಆಗಿ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಪ್ರಸಾರವಾದಾಗ ಭೀಷ್ಮ, ಕರ್ಣರು ಕನ್ನಡದಲ್ಲಿಯೇ ಮಾತನಾಡಿದರು. ಆದರೆ ಆ ಕನ್ನಡವು ಪರಭಾಷೆಯ ತುಟಿಚಲನೆಯ ಅಳತೆಗೆ ಹೊಂದಿಸಿದ್ದು. ಅರ್ಥಧಾರಿಗೆ ಪದ್ಯವೊಂದೇ ಕಟ್ಟು, ಕಂಠದಾನ ಕಲಾವಿದನಿಗೆ ಪ್ರತಿ ಉಸಿರೂ ಕಟ್ಟು. ಯಕ್ಷಗಾನವೂ ಈ ಅಪಾಯದಿಂದ ಹೊರತಲ್ಲ. ಧ್ವನಿಸುರುಳಿ, ದೃಶ್ಯಮುದ್ರಿಕೆಗಳಲ್ಲಿ ಸೆರೆಯಾದ ಹಿರಿಯರ ಅರ್ಥವನ್ನೇ ಬಾಯಿಪಾಠ ಮಾಡಿ ರಂಗಕ್ಕೆ ಬರುವ ಕಿರಿಯ ವೇಷಧಾರಿಗೆ, ಎದುರಿನವನು ಮುದ್ರಿಕೆಯಲ್ಲಿಲ್ಲದ ಪ್ರಶ್ನೆ ಕೇಳಿದೊಡನೆ ಮಾತು ನಿಲ್ಲುತ್ತದೆ.